ದಯೆಯ ಪರಿಹಾರ ಸಾಲದು, ಹಕ್ಕಿನ ವಿಮೆ ಬೇಕು

ನೆರೆಯ ನೀರು ಮನೆಯೊಳಗೆ ಹೊಕ್ಕು ಹೊರಟುಹೋದ ಮೇಲೆ ಸರ್ಕಾರಗಳು ಘೋಷಿಸುವ ಮೊತ್ತಗಳನ್ನು ಒಂದೆಡೆ ಬರೆದಿಟ್ಟು ನೋಡಬೇಕು. 2015ರ ಡಿಸೆಂಬರಿನಲ್ಲಿ ಅಡ್ಯಾರು ನದಿ ಚೆನ್ನೈ ನಗರವನ್ನು ಮುಳುಗಿಸಿದಾಗ, ನೀರು ನುಗ್ಗಿದ ಮನೆಗೆ 5,000 ರೂಪಾಯಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಕರ್ನಾಟಕದ ಸಂತ್ರಸ್ತ ಕುಟುಂಬಕ್ಕೆ ತುರ್ತು ನೆರವು 10,000. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳು ಕೆರೆಗಳಾದಾಗ 10,000. 2023ರ ಜುಲೈನಲ್ಲಿ ಯಮುನೆ 208.66 ಮೀಟರಿನ ದಾಖಲೆಯ ಮಟ್ಟಕ್ಕೇರಿದಾಗ ದೆಹಲಿಯಲ್ಲಿ 10,000. ಅದೇ ವರ್ಷದ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಬಳಿಕ ಮತ್ತೆ ಚೆನ್ನೈಯಲ್ಲಿ 6,000. ಐದು ನೆರೆಗಳು, ಐದು ಸರ್ಕಾರಗಳು, ಐದು ಬೇರೆ ಬೇರೆ ಪಕ್ಷಗಳು. ಎಲ್ಲರ ಲೆಕ್ಕಾಚಾರವೂ ಹೆಚ್ಚುಕಡಿಮೆ ಒಂದೇ ಕಡೆಗೆ ಬಂದು ನಿಂತಿದೆ. ಏಕೆಂದರೆ ಈ ಮೊತ್ತಗಳಾವುವೂ ಮನೆಯ ನಷ್ಟವನ್ನು ಅಳೆದು ಹುಟ್ಟಿದವಲ್ಲ. ಬೊಕ್ಕಸದ ಸ್ಥಿತಿ, ಚುನಾವಣೆಯ ಸಾಮೀಪ್ಯ, ಪತ್ರಿಕೆಗಳ ಒತ್ತಡ, ಇವುಗಳನ್ನು ನೋಡಿ ಹುಟ್ಟಿದಂಥವು.

ಇದನ್ನು ಯಾವುದೋ ಒಂದು ಪಕ್ಷದ ದೋಷವೆಂದು ನಾವು ಹೇಳುತ್ತಿಲ್ಲ. ವಿಪತ್ತಿನ ಮರುದಿನ ಕೈಗೆ ಬರುವ ಹತ್ತು ಸಾವಿರ ರೂಪಾಯಿ ಒಲೆ ಹೊತ್ತಿಸಲು, ಹಾಸಿಗೆ ಕೊಳ್ಳಲು ನಿಜಕ್ಕೂ ಬೇಕಾದ ಹಣ. ಆದರೆ ಅದು ಮನೆಯನ್ನು ಮತ್ತೆ ಕಟ್ಟಿಕೊಡುವುದಿಲ್ಲ. ಮನೆ ಕಟ್ಟಿಕೊಡುವ ಹಣ ಎಲ್ಲಿಂದ ಬರಬೇಕು, ಯಾರು ಅದನ್ನು ಮೊದಲೇ ಕೂಡಿಸಿಡಬೇಕು ಎಂಬ ಪ್ರಶ್ನೆಯನ್ನು ನಮ್ಮ ರಾಜಕಾರಣ ಇನ್ನೂ ಗಂಭೀರವಾಗಿ ಕೇಳಿಕೊಂಡಿಲ್ಲ. ನಮ್ಮ ಸಮಾಜವೂ ಕೇಳಿಕೊಂಡಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಎರಡು ಮನೆಗಳಿವೆ. ಒಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಅಥವಾ ದೆಹಲಿಯಲ್ಲಿ, ಸಾಲ ಮಾಡಿ ಕೊಂಡ ಫ್ಲಾಟು. ಇನ್ನೊಂದು ಚಿಕ್ಕೋಡಿ, ಅಥಣಿ, ನಿಪ್ಪಾಣಿ, ಕಾಗವಾಡ, ಸಾಂಗ್ಲಿ, ಕೊಲ್ಹಾಪುರ, ಜಮಖಂಡಿ, ಮುಧೋಳದ ಸೀಮೆಯಲ್ಲಿ ಅಪ್ಪ ಅಜ್ಜಂದಿರು ಕಟ್ಟಿದ ಮನೆ. ಕೃಷ್ಣೆ, ದೂಧಗಂಗೆ, ವೇದಗಂಗೆ, ಘಟಪ್ರಭೆಗಳ ಕಪ್ಪು ಮಣ್ಣೇ ನಮ್ಮ ಸಮಾಜದ ರೈತಾಪಿ ಕುಟುಂಬಗಳನ್ನು ಶತಮಾನಗಳಿಂದ ಸಾಕಿದೆ. ಆ ನದಿಗಳೇ 2005, 2019 ಮತ್ತು 2021ರಲ್ಲಿ ಅಂಗಳ ದಾಟಿ ಪಡಸಾಲೆಗೆ ಬಂದವು. 2009ರ ಅಕ್ಟೋಬರಿನ ಮಳೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಗಳು ಕುಸಿದವು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಅಲ್ಲಿಯ ಹಿರಿಯರು ಮರೆತಿಲ್ಲ. ಎರಡೂ ಮನೆಗಳು ನೀರಿನ ದಾರಿಯಲ್ಲಿವೆ. ಬಹುಪಾಲು ಕುಟುಂಬಗಳಲ್ಲಿ ಎರಡಕ್ಕೂ ವಿಮೆಯಿಲ್ಲ.

ಪರಿಹಾರದ ಮಿತಿ ಎಷ್ಟೆಂಬುದನ್ನು ಮೊದಲು ತಿಳಿಯೋಣ. ರಾಜ್ಯ ವಿಪತ್ತು ಸ್ಪಂದನ ನಿಧಿಯಿಂದ ಕೊಡಬಹುದಾದ ನೆರವಿಗೆ ಕೇಂದ್ರ ಸರ್ಕಾರವು ಮಾನದಂಡಗಳನ್ನು ಗೊತ್ತುಪಡಿಸುತ್ತದೆ. 2022ರಿಂದ 2026ರ ಅವಧಿಗೆ ನಿಗದಿಯಾದ ಮಾನದಂಡದ ಪ್ರಕಾರ ಬಯಲು ಸೀಮೆಯಲ್ಲಿ ಪೂರ್ತಿ ನಾಶವಾದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡಿನಲ್ಲಿ 1.30 ಲಕ್ಷ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಒಂದು ಗೋಡೆ ಬಿದ್ದು, ನೆಲ ಕುಸಿದು, ವಿದ್ಯುತ್ ತಂತಿಗಳೆಲ್ಲ ಕೆಟ್ಟುಹೋದ ಮನೆಯನ್ನು 6,500 ರೂಪಾಯಿಯಲ್ಲಿ ಸರಿಪಡಿಸುವ ಗೌಂಡಿ ಯಾವ ಊರಿನಲ್ಲೂ ಸಿಗಲಾರ.

ಕರ್ನಾಟಕ ಸರ್ಕಾರ 2019ರಲ್ಲಿ ಈ ಮಿತಿಯನ್ನು ಮೀರಿ, ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಘೋಷಿಸಿತು. ಅದು ಮೆಚ್ಚಬೇಕಾದ ನಿರ್ಧಾರ. ಆದರೆ ಅದರ ಜೊತೆಯಲ್ಲೇ ಇನ್ನೊಂದು ವ್ಯಾಜ್ಯ ಹುಟ್ಟಿತು. ಮನೆ ‘ಎ’ ವರ್ಗವೋ, ‘ಬಿ’ ವರ್ಗವೋ, ‘ಸಿ’ ವರ್ಗವೋ? ನಿರ್ಧರಿಸುವವರು ಯಾರು? ಪಟ್ಟಿಯಲ್ಲಿ ಹೆಸರು ಏಕಿಲ್ಲ? ಕಂತಿನ ಹಣ ಏಕೆ ನಿಂತಿತು? ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದಕ್ಕೆ ಲಕ್ಷಗಳೂ ಇನ್ನೊಂದಕ್ಕೆ ಸಾವಿರಗಳೂ ಬಂದರೆ ನೆರೆಹೊರೆಯ ಬಾಂಧವ್ಯವೇ ಒಡೆಯುತ್ತದೆ. ಆ ವರ್ಷ ರಾಜ್ಯ ಸರ್ಕಾರ 35 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ನಷ್ಟವನ್ನು ಅಂದಾಜಿಸಿ ಕೇಂದ್ರಕ್ಕೆ ಮನವಿ ಸಲ್ಲಿಸಿತು. ಅಕ್ಟೋಬರಿನಲ್ಲಿ ಮಧ್ಯಂತರ ನೆರವಾಗಿ ಬಂದದ್ದು 1,200 ಕೋಟಿ. ಕೇಳಿದ್ದಕ್ಕೂ ಕೊಟ್ಟದ್ದಕ್ಕೂ ನಡುವಣ ಈ ಕಂದಕದಲ್ಲಿ ಬಿದ್ದವನು ಮನೆ ಕಳೆದುಕೊಂಡ ಗೃಹಸ್ಥ.

ಇದಕ್ಕೆ ಜಲರಾಜಕಾರಣವೂ ಸೇರಿಕೊಳ್ಳುತ್ತದೆ. ಸಾಂಗ್ಲಿ, ಕೊಲ್ಹಾಪುರಗಳು ಮುಳುಗಿದಾಗ ಮಹಾರಾಷ್ಟ್ರ ಆಲಮಟ್ಟಿಯ ಹಿನ್ನೀರನ್ನು ದೂರುತ್ತದೆ. ಚಿಕ್ಕೋಡಿ, ಅಥಣಿಗಳು ಮುಳುಗಿದಾಗ ಕರ್ನಾಟಕ ಕೊಯ್ನಾದಿಂದ ಬಿಟ್ಟ ನೀರನ್ನು ದೂರುತ್ತದೆ. ಗಡಿಯ ಎರಡೂ ಬದಿಯಲ್ಲಿ ಬಂಧುಬಳಗ ಹೊಂದಿರುವ ನಮಗೆ ಈ ವಾದವಿವಾದದಿಂದ ಯಾವ ಲಾಭವೂ ಇಲ್ಲ. ವಿಮೆಯ ಒಂದು ದೊಡ್ಡ ಗುಣ ಇಲ್ಲಿಯೇ ಕಾಣುತ್ತದೆ. ನೀರು ಯಾವ ರಾಜ್ಯದ ಅಣೆಕಟ್ಟಿನಿಂದ ಬಂತೆಂದು ಅದು ಕೇಳುವುದಿಲ್ಲ; ನೀರು ಬಂತೇ, ಹಾನಿ ಎಷ್ಟು ಎಂದಷ್ಟೇ ಕೇಳುತ್ತದೆ. ಪರಿಹಾರ ದಯೆಯಿಂದ ಬರುವಂಥದು, ಅದಕ್ಕಾಗಿ ಕಾಯಬೇಕು, ಬೇಡಬೇಕು, ಕೃತಜ್ಞತೆ ಸಲ್ಲಿಸಬೇಕು. ವಿಮೆಯ ಹಣ ಕರಾರಿನಿಂದ ಬರುವಂಥದು. ಅದನ್ನು ಕೇಳುವವನು ತಲೆ ಎತ್ತಿ ಕೇಳಬಹುದು. ಕೊಡದಿದ್ದರೆ ನ್ಯಾಯದ ಬಾಗಿಲು ತಟ್ಟಬಹುದು.

ಹಾಗಾದರೆ ಮನೆಯ ವಿಮೆ ಅಷ್ಟು ದುಬಾರಿಯೇ? ನಗರದ ಫ್ಲಾಟಿನ ಮಟ್ಟಿಗೆ ಖಂಡಿತ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಜಲಾವೃತಿ, ಭೂಕಂಪ, ಭೂಕುಸಿತ ಎಲ್ಲವೂ ಒಂದೇ ಪಾಲಿಸಿಯಲ್ಲಿ ಅಡಕವಾಗಿವೆ. ವಿಮೆ ಮಾಡಿಸಬೇಕಾದದ್ದು ಮನೆಯ ಮಾರುಕಟ್ಟೆ ಬೆಲೆಗಲ್ಲ, ಮತ್ತೆ ಕಟ್ಟುವ ಖರ್ಚಿಗೆ. ಏಕೆಂದರೆ ನೆಲವನ್ನು ನೆರೆ ಹೊತ್ತೊಯ್ಯುವುದಿಲ್ಲ. ಉದಾಹರಣೆಗೆ ಅಂಧೇರಿಯಲ್ಲಿ ಎರಡು ಕೋಟಿ ಬೆಲೆಬಾಳುವ 60 ಚದರ ಮೀಟರಿನ ಫ್ಲಾಟನ್ನು ಚದರ ಮೀಟರಿಗೆ 30,000 ರೂಪಾಯಿಯಂತೆ ಕಟ್ಟಬಹುದೆಂದು ಹಿಡಿದರೆ ವಿಮಾ ಮೊತ್ತ 18 ಲಕ್ಷ ಮಾತ್ರ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ರಕ್ಷಣೆ ತಾನಾಗಿಯೇ ದೊರೆಯುತ್ತದೆ. ಈ ಲೆಕ್ಕದಲ್ಲಿ ಅದು 3.60 ಲಕ್ಷ. ಇಂಥ ಪಾಲಿಸಿಗೆ ವಾರ್ಷಿಕ ಕಂತು ಸಾಮಾನ್ಯವಾಗಿ ಕೆಲವೇ ಸಾವಿರ ರೂಪಾಯಿಗಳೊಳಗೆ ಮುಗಿಯುತ್ತದೆ. ಹಬ್ಬಕ್ಕೆ ತರುವ ಸಿಹಿತಿಂಡಿಯ ಖರ್ಚು ಅದಕ್ಕಿಂತ ಹೆಚ್ಚಾದೀತು.

ಆದರೂ ಜನ ಮಾಡಿಸುವುದಿಲ್ಲ. ಕಾರಣ ಬಡತನವಲ್ಲ, ತಪ್ಪು ನಂಬಿಕೆ. ಬ್ಯಾಂಕು ಸಾಲ ಕೊಡುವಾಗ ಏನೋ ವಿಮೆ ಮಾಡಿಸಿದೆ ಎಂದುಕೊಳ್ಳುವವರಿದ್ದಾರೆ. ಅದು ಅನೇಕ ವೇಳೆ ಸಾಲಗಾರನ ಜೀವಕ್ಕೆ ಸಂಬಂಧಿಸಿದ್ದು, ಗೋಡೆಗಳಿಗಲ್ಲ. ಸೊಸೈಟಿ ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳು ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಕಡ್ಡಾಯವೆನ್ನುತ್ತವೆ. ಮುಂಬಯಿಯನ್ನು ಪದೇ ಪದೇ ಕಾಡುವ ನೆರೆಯ ಮಾತು ಅಲ್ಲಿಲ್ಲ. ಸೊಸೈಟಿಯ ಪಾಲಿಸಿ ಕಟ್ಟಡಕ್ಕೆ ಅನ್ವಯಿಸಿದರೂ ಮನೆಯೊಳಗಿನ ಕಪಾಟು, ಫ್ರಿಜ್ಜು, ಪುಸ್ತಕಗಳಿಗೆ ಅನ್ವಯಿಸುವುದಿಲ್ಲ. ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ವಿಮೆಯಿದೆ, ಅದರ ಮೇಲೆ ನಿಂತ ಮನೆಗಿಲ್ಲ. ಇದು ನಮ್ಮ ಮಧ್ಯಮ ವರ್ಗದ ವಿಚಿತ್ರ ವಿವೇಕ.

ಹಳ್ಳಿಯ ಮನೆಯ ಕಥೆಯೇ ಬೇರೆ. ಅಲ್ಲಿ ಅಡ್ಡಿ ನಿಜವಾದದ್ದು. ಮನೆ ಇನ್ನೂ ಮುತ್ತಜ್ಜನ ಹೆಸರಿನಲ್ಲಿದೆ. ನಾಲ್ವರು ಅಣ್ಣತಮ್ಮಂದಿರಲ್ಲಿ ಪಾಲಾಗಿಲ್ಲ. ಗಾವಠಾಣಾದ ಆಸ್ತಿಗೆ ಪಂಚಾಯಿತಿಯ ಉತಾರವೊಂದನ್ನು ಬಿಟ್ಟರೆ ಬೇರೆ ಕಾಗದವಿಲ್ಲ. ಮಣ್ಣಿನ ಗೋಡೆ, ನಾಡಹೆಂಚಿನ ಹಳೆಯ ಮನೆಯೆಂದರೆ ಕಂಪನಿಗಳು ಹಿಂಜರಿಯುತ್ತವೆ. ಪಟ್ಟಣದಿಂದ ಮೂವತ್ತು ಮೈಲಿ ದೂರದ ಮನೆಗೆ ಪಾಲಿಸಿ ಮಾರಲು ಏಜೆಂಟನೂ ಬರುವುದಿಲ್ಲ, ಏಕೆಂದರೆ ಆ ಸಣ್ಣ ಕಂತಿನಲ್ಲಿ ಅವನಿಗೆ ಗಿಟ್ಟುವುದೇನೂ ಇಲ್ಲ. ನೆರೆ ಪದೇ ಪದೇ ಬರುವ ತಾಲೂಕುಗಳಲ್ಲಿ ಮುಂದೆ ಕಂತು ಏರುವುದೂ ಸಹಜ. ಹೀಗೆ ಯಾರಿಗೆ ವಿಮೆ ಹೆಚ್ಚು ಅವಶ್ಯವೋ ಅವರಿಗೇ ಅದು ಎಟುಕದೆ ಹೋಗುತ್ತದೆ. ಇದು ಮಾರುಕಟ್ಟೆಯ ಸ್ವಭಾವ. ಅದನ್ನು ಬೈದು ಪ್ರಯೋಜನವಿಲ್ಲ, ಅದಕ್ಕೆ ಕಟ್ಟೆ ಕಟ್ಟಬೇಕು.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಳ್ಗಿಚ್ಚಿನ ಅಪಾಯ ಹೆಚ್ಚಿದಂತೆ ಅಲ್ಲಿಯ ಅತಿ ದೊಡ್ಡ ಗೃಹವಿಮಾ ಕಂಪನಿ 2023ರ ಮೇ ತಿಂಗಳಿನಲ್ಲಿ ಹೊಸ ಪಾಲಿಸಿಗಳನ್ನೇ ನಿಲ್ಲಿಸಿತು. ಶ್ರೀಮಂತ ದೇಶದಲ್ಲೂ ಖಾಸಗಿ ಕಂಪನಿ ಅಪಾಯದ ಸೀಮೆಯಿಂದ ಹೀಗೆ ಕಾಲ್ತೆಗೆಯಬಲ್ಲದು. ಕೆಲವು ದೇಶಗಳು ಇದಕ್ಕೆ ಸಾಮೂಹಿಕ ಉತ್ತರ ಕಂಡುಕೊಂಡಿವೆ. ನ್ಯೂಜಿಲೆಂಡಿನಲ್ಲಿ 1945ರಿಂದಲೂ ಅಗ್ನಿವಿಮೆಯ ಕಂತಿನ ಜೊತೆ ಸಣ್ಣದೊಂದು ಸುಂಕ ಸೇರಿಸಿ, ಭೂಕಂಪದ ನಷ್ಟಕ್ಕೆ ಸಾರ್ವಜನಿಕ ನಿಧಿ ಕಟ್ಟಿದ್ದಾರೆ. ತುರ್ಕಿ 1999ರ ಭೂಕಂಪದಿಂದ ಪಾಠ ಕಲಿತು ಮರುವರ್ಷವೇ ಮನೆಗಳಿಗೆ ಭೂಕಂಪ ವಿಮೆಯನ್ನು ಕಡ್ಡಾಯಗೊಳಿಸಿ ಅದಕ್ಕಾಗಿ ರಾಷ್ಟ್ರೀಯ ನಿಧಿ ಸ್ಥಾಪಿಸಿತು. ಬ್ರಿಟನ್ 2016ರಲ್ಲಿ ‘ಫ್ಲಡ್ ರೀ’ ಎಂಬ ವ್ಯವಸ್ಥೆ ತಂದಿತು. ಅಲ್ಲಿ ಎಲ್ಲ ಗೃಹವಿಮಾ ಕಂಪನಿಗಳೂ ನಿಧಿಗೆ ಸುಂಕ ಕೊಡುತ್ತವೆ. ಅದರಿಂದ ನೆರೆಯ ಸೀಮೆಯ ಮನೆಗಳಿಗೆ ಕಂತು ಕೈಗೆಟುಕುವಂತಾಗುತ್ತದೆ. ಎತ್ತರದಲ್ಲಿರುವವನು ತಗ್ಗಿನಲ್ಲಿರುವವನ ಭಾರವನ್ನು ಸ್ವಲ್ಪ ಹೊರುತ್ತಾನೆ.

ಆದರೆ ಅಗ್ಗದ ವಿಮೆ ತಾನೇ ಒಂದು ಅಪಾಯವಾಗಬಹುದೆಂಬುದಕ್ಕೂ ಸಾಕ್ಷ್ಯವಿದೆ. ಅಮೆರಿಕದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ 1968ರಲ್ಲಿ ಸದುದ್ದೇಶದಿಂದಲೇ ಆರಂಭವಾಯಿತು. ಅಪಾಯಕ್ಕೆ ತಕ್ಕ ಬೆಲೆ ಪಡೆಯದ ಕಾರಣ ಅದೇ ಮನೆಗಳು ಅದೇ ಜಾಗದಲ್ಲಿ ಮತ್ತೆ ಮತ್ತೆ ಮುಳುಗಿ ಮತ್ತೆ ಮತ್ತೆ ಎದ್ದವು. 2017ರಲ್ಲಿ ಅಲ್ಲಿಯ ಸಂಸತ್ತು ಆ ಯೋಜನೆಯ 1,600 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಬೇಕಾಯಿತು. ಬ್ರಿಟನ್ ಈ ತಪ್ಪನ್ನು ತಪ್ಪಿಸಲು ಎರಡು ಷರತ್ತು ಹಾಕಿಕೊಂಡಿತು: 2009ರ ನಂತರ ಕಟ್ಟಿದ ಮನೆಗಳಿಗೆ ಈ ರಿಯಾಯಿತಿಯಿಲ್ಲ, ಮತ್ತು 2039ಕ್ಕೆ ಇಡೀ ವ್ಯವಸ್ಥೆ ಕೊನೆಗೊಳ್ಳುತ್ತದೆ. ಹಳೆಯ ನಿವಾಸಿಗೆ ರಕ್ಷಣೆ, ಹೊಸ ಅತಿಕ್ರಮಣಕ್ಕೆ ಪ್ರೋತ್ಸಾಹವಿಲ್ಲ. ಈ ವಿವೇಕ ನಮಗೂ ಬೇಕು.

ಇವುಗಳ ಬೆಳಕಿನಲ್ಲಿ ನಾವು ಸರ್ಕಾರಗಳ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇವೆ.

ಮೊದಲನೆಯದು, ಮನೆಯ ವಿಮೆಯ ಮೇಲಿನ ಶೇಕಡಾ 18ರ ಜಿಎಸ್‌ಟಿ ಹೋಗಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯವಿಮೆಗಳನ್ನು ತೆರಿಗೆಯಿಂದ ಮುಕ್ತಗೊಳಿಸಲಾಯಿತು. ಅದು ಸ್ವಾಗತಾರ್ಹ. ಆದರೆ ಮನೆಯ ವಿಮೆಯನ್ನು ಆ ಪಟ್ಟಿಯಿಂದ ಹೊರಗಿಟ್ಟದ್ದೇಕೆ? ತನ್ನ ಮನೆಗೆ ತಾನೇ ವಿಮೆ ಮಾಡಿಸುವ ನಾಗರಿಕ ನಾಳೆ ಸರ್ಕಾರದ ಪರಿಹಾರದ ಹೊರೆಯನ್ನು ಹಗುರಗೊಳಿಸುವವನು. ಅವನಿಗೆ ದಂಡ ವಿಧಿಸುವುದು ನೀತಿಯೂ ಅಲ್ಲ, ಜಾಣತನವೂ ಅಲ್ಲ.

ಎರಡನೆಯದು, ನೆರೆಪೀಡಿತ ತಾಲೂಕುಗಳ ಬಡ ಮತ್ತು ಸಣ್ಣ ಮನೆಗಳಿಗೆ ಸರ್ಕಾರವೇ ಕಂತಿನ ಬಹುಪಾಲನ್ನು ಭರಿಸಬೇಕು. ಇದು ಹೊಸ ಕಲ್ಪನೆಯಲ್ಲ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತ ಶೇಕಡಾ 2ರಷ್ಟು, ಹಿಂಗಾರಿಗೆ ಶೇಕಡಾ 1.5ರಷ್ಟು ಮಾತ್ರ ಕೊಡುತ್ತಾನೆ. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯಗಳು ಹಂಚಿಕೊಳ್ಳುತ್ತವೆ. ಹೊಲದಲ್ಲಿ ನಿಂತ ಸೋಯಾಬೀನಿಗೆ ಸರ್ಕಾರದ ಆಸರೆಯುಳ್ಳ ವಿಮೆಯಿದೆ. ಅದೇ ಹೊಲದ ಬದಿಯಲ್ಲಿ ನಿಂತ ಮನೆಗಿಲ್ಲ. ಬೆಳೆ ಹೋದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು; ಮನೆ ಹೋದರೆ ಒಂದು ತಲೆಮಾರಿನ ಗಳಿಕೆಯೇ ಹೋದಂತೆ. ನಾಗಾಲ್ಯಾಂಡ್ ಸರ್ಕಾರ 2024ರಲ್ಲಿ ವಿಪತ್ತಿನ ಆರ್ಥಿಕ ಭಾರಕ್ಕೆ ತಾನೇ ವಿಮೆ ಕೊಂಡುಕೊಂಡಿತು. ಪುಟ್ಟ ರಾಜ್ಯವೊಂದು ಇಂಥ ಹೆಜ್ಜೆಯಿಡಬಹುದಾದರೆ ಕರ್ನಾಟಕ, ಮಹಾರಾಷ್ಟ್ರಗಳು ಕೃಷ್ಣಾ ಕಣಿವೆಗಾಗಿ ಒಂದು ಜಂಟಿ ಗೃಹವಿಮಾ ನಿಧಿಯನ್ನೇಕೆ ಕಟ್ಟಬಾರದು? ನೀರಿಗಾಗಿ ನ್ಯಾಯಮಂಡಳಿಯ ಮುಂದೆ ದಶಕಗಳ ಕಾಲ ಹೋರಾಡಿದ ರಾಜ್ಯಗಳು ನೆರೆಯ ವಿಷಯದಲ್ಲಾದರೂ ಒಂದು ಮೇಜಿನ ಸುತ್ತ ಕೂರಲಿ.

ಮೂರನೆಯದು, ನದಿಯ ನೆರೆರೇಖೆಯೊಳಗೆ ಹೊಸ ಕಟ್ಟಡಗಳಿಗೆ ಪರವಾನಗಿ ಕೊಡುವುದು ನಿಲ್ಲಬೇಕು. ಕೆರೆಯನ್ನು ಮುಚ್ಚಿ ಲೇಔಟು ಮಾಡಿದವನು ಲಾಭ ಪಡೆದು ಹೋಗುತ್ತಾನೆ. ಅಲ್ಲಿ ಸೈಟು ಕೊಂಡ ಗುಮಾಸ್ತ ನೀರಿನಲ್ಲಿ ನಿಲ್ಲುತ್ತಾನೆ. ಇದನ್ನು ತಡೆಯದೆ ವಿಮೆಯನ್ನು ಅಗ್ಗ ಮಾಡಿದರೆ ತೆರಿಗೆದಾರನ ಹಣ ಬಿಲ್ಡರನ ಜೇಬಿಗೆ ಸುತ್ತು ದಾರಿಯಲ್ಲಿ ತಲುಪಿದಂತಾಗುತ್ತದೆ.

ಇದಕ್ಕೆ ಆಕ್ಷೇಪಣೆಗಳಿವೆ. ಸರ್ಕಾರ ಕಂತು ಕಟ್ಟಿದರೆ ಖಾಸಗಿ ಕಂಪನಿಗಳ ತಿಜೋರಿ ತುಂಬುತ್ತದೆ, ಕ್ಲೇಮಿನ ವೇಳೆಗೆ ಅವು ನೆಪ ಹೇಳುತ್ತವೆ ಎಂಬುದು ಮುಖ್ಯವಾದದ್ದು. ಬೆಳೆವಿಮೆಯ ಅನುಭವವುಳ್ಳ ರೈತರು ಈ ಸಂಶಯ ಪಡುವುದು ನ್ಯಾಯವೇ. ಆದ್ದರಿಂದಲೇ ನಾವು ಕೇಳುತ್ತಿರುವುದು ಸಾರ್ವಜನಿಕ ನಿಧಿ. ಅದರ ಲೆಕ್ಕಪತ್ರ ವಿಧಾನಮಂಡಲದ ಮುಂದೆ ಬರಬೇಕು, ನೆರೆಯ ಮಟ್ಟ ಒಂದು ಗೊತ್ತಾದ ಗುರುತನ್ನು ಮೀರಿದೊಡನೆ ಮೊದಲ ಕಂತಿನ ಹಣ ಮನೆಯವರ ಖಾತೆಗೆ ತಾನಾಗಿ ಜಮಾ ಆಗಬೇಕು. ಇನ್ನೊಂದು ಆಕ್ಷೇಪ, ವಿಮೆಯ ಹೆಸರಿನಲ್ಲಿ ಸರ್ಕಾರ ಪರಿಹಾರದ ಹೊಣೆಯಿಂದ ಜಾರಿಕೊಳ್ಳುತ್ತದೆ ಎಂಬುದು. ಹಾಗಾಗಕೂಡದು. ಜೀವ ಉಳಿಸುವುದು, ಅನ್ನ, ಔಷಧ, ಆಶ್ರಯ ಕೊಡುವುದು ಯಾವತ್ತೂ ಸರ್ಕಾರದ ಧರ್ಮ. ವಿಮೆ ಬರುವುದು ಅದರ ನಂತರ, ಅದರ ಬದಲಿಗೆ ಅಲ್ಲ.

ಸರ್ಕಾರಕ್ಕೆ ಹೇಳುವುದನ್ನು ಹೇಳಿಯಾಯಿತು. ಸಮಾಜಕ್ಕೂ ಹೇಳಬೇಕಾದದ್ದಿದೆ. 2019ರ ನೆರೆಯಲ್ಲಿ ನಗರವಾಸಿ ಬಾಂಧವರು ಊರಿಗೆ ಲಾರಿಗಟ್ಟಲೆ ಅಕ್ಕಿ, ಹೊದಿಕೆ ಕಳುಹಿಸಿದರು. ಆ ಹೃದಯವಂತಿಕೆ ದೊಡ್ಡದು. ಆದರೆ ನೀರು ಬಂದ ಮೇಲಿನ ದಾನಕ್ಕಿಂತ ನೀರು ಬರುವ ಮುಂಚಿನ ದಾನ ಹೆಚ್ಚು ಫಲಕಾರಿ. ನಮ್ಮ ಹಿರಿಯರು ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನವೆಂದು ಎಣಿಸಿದರು. ನದಿಯ ದಡದ ವಿಧವೆಯೊಬ್ಬಳ ಮನೆಗೆ ವರ್ಷದ ವಿಮಾ ಕಂತು ಕಟ್ಟುವುದು ಈ ಕಾಲದ ಅಭಯದಾನವಲ್ಲದೆ ಮತ್ತೇನು? ಆಕೆಯ ಜಾತಿ, ಮತ ಯಾವುದಾದರೂ ಆಗಿರಲಿ. ನೆರೆ ಅದನ್ನು ವಿಚಾರಿಸುವುದಿಲ್ಲ.

1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಆ ಕಾಲದ ದೊಡ್ಡ ಕೊರತೆ ವಿದ್ಯೆಯೆಂದು ಗುರುತಿಸಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿತು. ಹಳ್ಳಿಯ ಮಕ್ಕಳು ಅಲ್ಲಿ ಉಂಡು, ಓದಿ ಮುಂದೆ ಬಂದರು. ಈ ಕಾಲದ ಕೊರತೆ ಕಾಗದಪತ್ರಗಳದು. ಹಳ್ಳಿಯ ಮನೆಯ ವಾರಸಾ ನೋಂದಣಿ, ಇ-ಸ್ವತ್ತು, ಸ್ವಾಮಿತ್ವ ಯೋಜನೆಯ ಆಸ್ತಿ ಕಾರ್ಡು, ಇವು ಸರಿಯಾಗದೆ ವಿಮೆಯೂ ಸಿಗದು, ಪರಿಹಾರವೂ ಸಿಗದು. ಪ್ರತಿ ಊರಿನ ಸಮಾಜ ಸಂಸ್ಥೆ ಬೇಸಿಗೆಯಲ್ಲಿ ಒಂದು ದಿನ ವಕೀಲರನ್ನೂ ಪಂಚಾಯಿತಿಯ ಅಧಿಕಾರಿಯನ್ನೂ ಕೂರಿಸಿ ಈ ಕೆಲಸ ಮಾಡಿಸಲಿ. ಪಂಚಕಲ್ಯಾಣದ ಮೆರವಣಿಗೆಗೆ ಆನೆ ತರಿಸುವ ಶಕ್ತಿಯುಳ್ಳ ಸಮಾಜಕ್ಕೆ ಇದು ಅಸಾಧ್ಯವಲ್ಲ.

ಓದುಗ ಬಾಂಧವರು ತಮ್ಮ ಮನೆಯಿಂದಲೇ ಆರಂಭಿಸಲಿ. ಬ್ಯಾಂಕಿನ ಕಡತದಲ್ಲಿರುವ ಪಾಲಿಸಿ ಯಾವುದಕ್ಕೆ, ಎಷ್ಟಕ್ಕೆ ಎಂದು ಕೇಳಿ ತಿಳಿಯಿರಿ. ಸೊಸೈಟಿಯ ಮುಂದಿನ ಮಹಾಸಭೆಯಲ್ಲಿ ಕಟ್ಟಡದ ವಿಮೆಯಲ್ಲಿ ಪ್ರವಾಹ ಸೇರಿದೆಯೇ ಎಂದು ಪ್ರಶ್ನಿಸಿರಿ. ಊರಿನ ಮನೆಗೆ ಅಣ್ಣತಮ್ಮಂದಿರು ಕೂಡಿ ಕಂತನ್ನು ಹಂಚಿಕೊಳ್ಳಿರಿ; ಮನೆಗೆ ಬಹುಕಾಲ ಬೀಗ ಬಿದ್ದಿರುತ್ತದೆಯೆಂದಾದರೆ ಅದನ್ನು ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಿರಿ, ಮುಚ್ಚಿಟ್ಟ ಸಂಗತಿಯೇ ನಾಳೆ ಕ್ಲೇಮು ತಿರಸ್ಕರಿಸಲು ನೆಪವಾಗುತ್ತದೆ. ಬಂಗಾರದ ಒಡವೆಗಳಿಗೆ ಪ್ರತ್ಯೇಕವಾಗಿ ಹೇಳಿ ರಕ್ಷಣೆ ಪಡೆಯಬೇಕು. ಪ್ರತಿ ಕೋಣೆಯ ಚಿತ್ರ ತೆಗೆದು ಬೇರೆ ಊರಿನ ಬಂಧುಗಳಿಗೆ ಕಳುಹಿಸಿಡಿರಿ. ಕ್ಲೇಮು ಅನ್ಯಾಯವಾಗಿ ನಿರಾಕರಣೆಯಾದರೆ 50 ಲಕ್ಷ ರೂಪಾಯಿವರೆಗಿನ ದೂರನ್ನು ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ಒಯ್ಯಬಹುದು.

ಪಶ್ಚಿಮಘಟ್ಟದ ಮೇಲೆ ಮೋಡ ಕಟ್ಟಿದ ಮೇಲೆ ಈ ಯಾವ ಕೆಲಸಕ್ಕೂ ಸಮಯವಿರುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರನ್ನು, ನೆರೆ ಬಂದಾಗ ಎಷ್ಟು ಕೊಡುವಿರಿ ಎಂದು ಕೇಳಬೇಡಿರಿ. ನಮ್ಮ ಮನೆಯನ್ನು ಮತ್ತೆ ಕಟ್ಟುವ ಹಣ ಯಾವ ನಿಧಿಯಲ್ಲಿದೆ, ಅದರ ಮೇಲೆ ನಮಗಿರುವ ಹಕ್ಕನ್ನು ಯಾವ ಕಾಗದದಲ್ಲಿ ಬರೆದಿದ್ದೀರಿ ಎಂದು ಕೇಳಿರಿ.